‘ಹೂನ್ರಿ’ ಎಂದವರು ಒಪ್ಪಿದ್ದಾರೆಯೇ? ಮಾತನ್ನೂ ಸನ್ನೆಯನ್ನೂ ಕೂಡಿಸಿ ಅರಿಯುವ ಬಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಬ್ಯಾಂಕು, ಆಸ್ಪತ್ರೆ, ಶಾಲೆ, ಪಂಚಾಯಿತಿ ಕಚೇರಿಗಳಲ್ಲಿ ದಿನವೂ ಜನರೊಡನೆ ವ್ಯವಹರಿಸುವವರು, ಅದರಲ್ಲೂ ಬೇರೆ ಕಡೆಯಿಂದ ವರ್ಗವಾಗಿ ಬಂದವರು, ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಈ ಭಾಗದಲ್ಲಿ ಎದುರಿಗಿರುವವರ ಮುಖಕ್ಕೇ ‘ಆಗುವುದಿಲ್ಲ’ ಎಂದು ಹೇಳುವವರು ಕಡಿಮೆ. ಹಿರಿಯರೋ ಅಧಿಕಾರಿಗಳೋ ಮನೆಗೆ ಬಂದ ಬೀಗರೋ ಏನನ್ನಾದರೂ ಕೇಳಿದಾಗ ‘ಆತ್ರಿ’, ‘ನೋಡೋಣ್ರಿ’, ‘ಹೂನ್ರಿ’ ಎಂಬ ಉತ್ತರ ಬರುತ್ತದೆ. ಅದು ಒಪ್ಪಿಗೆಯೋ, ಕೇಳಿಸಿಕೊಂಡೆ ಎಂಬ ಸೂಚನೆಯೋ, ಮರ್ಯಾದೆ ಕಳೆಯದಂತೆ ಹೇಳಿದ ನಿರಾಕರಣೆಯೋ ಎಂಬುದನ್ನು ಧ್ವನಿ, ಕಣ್ಣು, ಕೈ ಮತ್ತು ಉತ್ತರಕ್ಕೆ ಮುಂಚೆ ಹಿಡಿದ ತಡ ಇವುಗಳಿಂದ ತಿಳಿದುಕೊಳ್ಳಬೇಕಾಗುತ್ತದೆ.

ಬಾಯಿಯ ಮಾತು ಮತ್ತು ಮೈಯ ಸನ್ನೆ ಎರಡೂ ಒಂದೇ ಕಡೆ ಇದ್ದರೆ ಮುಂದುವರಿಯಬಹುದು. ಬೇರೆ ಬೇರೆಯಾಗಿ ಕಂಡರೆ, ಸನ್ನೆಯೇ ನಿಜವೆಂದು ತೀರ್ಮಾನಿಸುವ ಬದಲು, ‘ಹೂಂ’ ಎಂದು ಉತ್ತರಿಸಲು ಬಾರದ ಪ್ರಶ್ನೆಯೊಂದನ್ನು ಕೇಳಬೇಕು. ‘ಸೋಮವಾರ ಬರ್ತೀರೇನ್ರಿ?’ ಎಂಬ ಪ್ರಶ್ನೆಗೆ ‘ಹೂನ್ರಿ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ‘ಸೋಮವಾರ ಯಾವ ಬಸ್ಸಿಗೆ ಬರ್ತೀರಿ?’ ಎಂದು ಕೇಳಿದರೆ, ಬರುವ ಮನಸ್ಸಿರುವವರು ಬಸ್ಸಿನ ಹೊತ್ತನ್ನು ಹೇಳುತ್ತಾರೆ. ಇಲ್ಲದವರು ಬಾಗಿಲ ಕಡೆ ನೋಡಿ, ಹೊಲದ ಕೆಲಸದ ಮಾತು ತೆಗೆಯುತ್ತಾರೆ. ಆಗ ದಿನವನ್ನು ಅವರಿಂದಲೇ ಹೇಳಿಸಿಕೊಳ್ಳುವುದು ಉತ್ತಮ.

ಈ ಕ್ರಮವು ಹೆಚ್ಚು ಉಪಯೋಗಕ್ಕೆ ಬರುವುದು ಔಷಧದ ವಿಷಯದಲ್ಲಿ. ವಯಸ್ಸಾದ ತಾಯಿಯೊಬ್ಬರಿಗೆ ಎರಡು ಬಗೆಯ ಮಾತ್ರೆಗಳನ್ನು ಕೊಟ್ಟು ‘ಯಮ್ಮಾ, ಗೊತ್ತಾತಿಲ್ಲೋ?’ ಎಂದು ಕೇಳಿದರೆ, ‘ಹೂನ್ರಿ ಸರ’ ಎಂದು ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೆ. ಹಿಂದೆ ಸಾಲು ನಿಂತಿದೆ, ಮತ್ತೆ ಕೇಳಿದರೆ ಡಾಕ್ಟರು ಸಿಟ್ಟಾದಾರು ಎಂಬ ಅಳುಕು ಆ ‘ಹೂನ್ರಿ’ಯ ಒಳಗಿದೆ. ಅದರ ಬದಲು, ‘ಯಮ್ಮಾ, ಮನ್ಯಾಗ ಮಗಳು ಕೇಳಿದರ, ಈ ಗುಳಿಗಿ ಹೆಂಗ ತಗೋಬೇಕಂತ ಹೇಳ್ತೀರಿ?’ ಎಂದು ಕೇಳಿ, ಮಾತ್ರೆಯ ಹಾಳೆಗಳನ್ನು ಅವರ ಕೈಗೇ ಕೊಡಬೇಕು. ‘ಈ ಬಿಳೇದು ಮುಂಜಾನಿ ಉಂಡ ಮ್ಯಾಲ, ಈ ಕೆಂಪಂದು...’ ಎಂದು ಶುರುಮಾಡಿ ಕೆಂಪು ಹಾಳೆಯ ಮೇಲೆ ಅವರ ಹೆಬ್ಬೆರಳು ತಡವರಿಸಿ ನಿಂತರೆ, ತಿಳಿಯದೆ ಉಳಿದದ್ದು ಯಾವುದೆಂದು ಆ ಬೆರಳೇ ತೋರಿಸುತ್ತದೆ. ಹೀಗೆ ರೋಗಿಯಿಂದಲೇ ತಿರುಗಿ ಹೇಳಿಸುವುದು ವೈದ್ಯಕೀಯ ತರಬೇತಿಯಲ್ಲಿ ಕಲಿಸುವ ಪದ್ಧತಿಯೇ ಆಗಿದೆ. ಅದು ಪರೀಕ್ಷೆಯಂತೆ ಕೇಳಿಸಬಾರದು. ಮಗಳ ಹೆಸರಿನಲ್ಲಿ ಕೇಳುವುದು ಅದಕ್ಕಾಗಿಯೇ.

ವ್ಯಕ್ತಿತ್ವ ವಿಕಸನದ ತರಗತಿಗಳಲ್ಲಿ, ಸಂವಹನದಲ್ಲಿ ಮಾತಿನ ಪಾಲು ಶೇ. 7, ಧ್ವನಿಯದು ಶೇ. 38, ಮುಖಭಾವದ್ದು ಶೇ. 55 ಎಂದು ಫಲಕದ ಮೇಲೆ ಬರೆಯುವುದುಂಟು. ಈ ಅಂಕಿಗಳಿಗೆ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಅವುಗಳಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿ, ಮುಖದ ಚಿತ್ರಗಳನ್ನು ತೋರಿಸಿ, ಹೇಳುವವರಿಗೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸಲು ಹೇಳಲಾಗಿತ್ತು. ಅಂದರೆ ಅಂಕಿಗಳು ಇಷ್ಟಾನಿಷ್ಟಗಳ ವಿಷಯದಲ್ಲಿ ಮಾತು ಮತ್ತು ಮುಖ ಬೇರೆಯಾದ ಸಂದರ್ಭಕ್ಕೆ ಮಾತ್ರ ಅನ್ವಯಿಸುತ್ತವೆ. ಎಲ್ಲಕ್ಕೂ ಅನ್ವಯಿಸುವುದಾಗಿದ್ದರೆ ಬೆಳೆ ಸಾಲದ ಷರತ್ತುಗಳನ್ನು ಮ್ಯಾನೇಜರರ ಮುಖ ನೋಡಿಯೇ ತಿಳಿದುಕೊಳ್ಳಬಹುದಿತ್ತು! ಮೊತ್ತ, ದಿನಾಂಕ, ಬಡ್ಡಿ, ಕಾಗದಪತ್ರಗಳ ಪಟ್ಟಿ ಇವನ್ನು ಮಾತಿನಲ್ಲಿ ಬಿಡಿಸಿ ಹೇಳಿ ಬರಹದಲ್ಲಿಯೂ ಕೊಡಬೇಕು. ಮನಸ್ಸಿನ ಹಿಂಜರಿಕೆಯನ್ನು ಮುಖದಲ್ಲಿ ನೋಡಬೇಕು.

ಧ್ವನಿಯ ಎತ್ತರವನ್ನು ಕೋಪವೆಂದು ತಿಳಿಯುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಬಯಲಿನಲ್ಲಿ ಕೂಗಿ ಕರೆದು, ಸಿಂಧನೂರು, ಗಂಗಾವತಿ, ಕಾರಟಗಿಗಳ ಅಕ್ಕಿ ಗಿರಣಿಗಳ ಸದ್ದಿನಲ್ಲಿ ಮಾತಾಡಿ ರೂಢಿಯಾದವರ ದನಿ ಕಚೇರಿಯೊಳಗೂ ಹಾಗೆಯೇ ಇರುತ್ತದೆ. ಸಿಟ್ಟು ಬಂದಿದೆಯೇ ಎಂದು ತಿಳಿಯಲು ದನಿಗಿಂತ ‘ರಿ’ ಉಳಿದಿದೆಯೇ ಎಂಬುದನ್ನು ಗಮನಿಸಬಹುದು. ಅಲ್ಲಿಯವರೆಗೆ ‘ಬರ್ರಿ’, ‘ಕೊಡ್ರಿ’ ಎನ್ನುತ್ತಿದ್ದವರು ಅದನ್ನು ಕೈಬಿಟ್ಟರೆ ವಿಷಯ ಬೇರೆ. ಆದರೆ ಗಡಿಯಂಚಿನ ತಾಲೂಕುಗಳಲ್ಲಿ, ಬಳ್ಳಾರಿ ಮತ್ತು ರಾಯಚೂರು ನಗರಗಳಲ್ಲಿ, ತೆಲುಗು ಅಥವಾ ಉರ್ದು ಮನೆಮಾತಿನವರು ಆಡುವ ಕನ್ನಡದಲ್ಲಿ ಬಹುವಚನ ತಪ್ಪಿಹೋಗುವುದುಂಟು. ಅವರ ಗೌರವವನ್ನು ಪ್ರತ್ಯಯದಲ್ಲಿ ಹುಡುಕದೆ, ಎದ್ದು ನಿಂತರೇ, ಕುರ್ಚಿ ಸರಿಸಿದರೇ, ಕಾಗದವನ್ನು ಬಲಗೈಯಲ್ಲಿ ಕೊಟ್ಟರೇ ಎಂಬುದರಲ್ಲಿ ನೋಡಬೇಕು.

ಅಂತರದ ವಿಷಯವೂ ಹೀಗೆಯೇ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ, ಸ್ನೇಹಿತರ ನಡುವೆ ಸುಮಾರು ಒಂದೂವರೆಯಿಂದ 4 ಅಡಿ, ವ್ಯವಹಾರದವರ ನಡುವೆ 4ರಿಂದ 12 ಅಡಿ ಅಂತರವಿರುತ್ತದೆ ಎಂದು ವಿವರಿಸಿದರು. ಅದು ತಮ್ಮ ದೇಶದ ಮಧ್ಯಮವರ್ಗದವರನ್ನು ನೋಡಿ ಹೇಳಿದ್ದೆಂದೂ ಅವರೇ ತಿಳಿಸಿದ್ದಾರೆ. ನಮ್ಮ ಬಸ್ ನಿಲ್ದಾಣದಲ್ಲಿ ಭುಜಕ್ಕೆ ಭುಜ ತಾಗಿದರೆ ಅದು ಅತಿಕ್ರಮಣವಲ್ಲ. ಪರಿಚಯವಿಲ್ಲದ ಹೆಣ್ಣುಮಕ್ಕಳಿಂದ ಮಾತ್ರ ದೂರ ನಿಂತೇ ಮಾತಾಡಬೇಕು. ತಲೆ ತಗ್ಗಿಸಿ ನಿಂತ ವಿದ್ಯಾರ್ಥಿ ತಪ್ಪಿತಸ್ಥನೆಂದು ಭಾವಿಸಬಾರದು. ಕೆಲಸದ ಸಂದರ್ಶನಕ್ಕೆ ಹೋಗುವಾಗ ಅದೇ ಹುಡುಗನಿಗೆ ಕಣ್ಣು ನೋಡಿ ಮಾತಾಡುವುದನ್ನು ಬೇರೆಯಾಗಿ ಕಲಿಸಬೇಕಾಗುತ್ತದೆ.

ಸನ್ನೆಯ ಬಳಕೆಯನ್ನು ಚೆನ್ನಾಗಿ ಕಲಿಯಬೇಕೆಂದರೆ ದನದ ಸಂತೆಗೆ ಹೋಗಬೇಕು. ದಲಾಲಿಯೂ ಕೊಳ್ಳುವವರೂ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳುಗಳನ್ನು ಒತ್ತಿ ದರ ಹೇಳುತ್ತಾರೆ. ಸಾವಿರವೋ ನೂರೋ ಎಂಬುದನ್ನು ಮಾತ್ರ ಬಾಯಲ್ಲಿ ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ದರ ತಿಳಿಯದ್ದರಿಂದ, ಒಪ್ಪದೆ ಕೈ ಬಿಡಿಸಿಕೊಂಡವರಿಗೂ ಅವಮಾನವಾಗುವುದಿಲ್ಲ. ಸಾಲ ಕೇಳುವಾಗ, ಕೊಟ್ಟದ್ದನ್ನು ತಿರುಗಿ ಕೇಳುವಾಗ, ಹೆಣ್ಣು ನೋಡಿ ಬಂದ ಮೇಲೆ ಉತ್ತರ ಕೇಳುವಾಗ ಇದೇ ಜಾಗವನ್ನು ಎದುರಿನವರಿಗೂ ಮಾಡಿಕೊಡಬೇಕು: ನಾಲ್ಕು ಜನರ ಮುಂದೆ ಕೇಳದೆ ಪಕ್ಕಕ್ಕೆ ಕರೆದು ಕೇಳಿ, ‘ಆಗದಿದ್ದರ ಹೇಳ್ರಿ, ಏನೂ ತಪ್ಪಿಲ್ಲ’ ಎಂದು ತಾವೇ ಮೊದಲು ಹೇಳಿದರೆ ನಿಜವಾದ ಉತ್ತರ ಬೇಗ ಬರುತ್ತದೆ.

ಯಂತ್ರಗಳಿರುವ ಕಡೆ ಸನ್ನೆಯನ್ನು ಊಹೆಗೆ ಬಿಡಲೇಬಾರದು. ಗಿರಣಿಯಲ್ಲಾಗಲಿ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಾಗಲಿ, ‘ನಿಲ್ಲಿಸು’ ಎಂಬುದಕ್ಕೆ ಯಾವ ಕೈಸನ್ನೆ ಎಂದು ಕೆಲಸ ಶುರುವಾಗುವ ಮುಂಚೆಯೇ ನಿಗದಿಮಾಡಿ, ಹೊಸಬರಿಂದ ಒಮ್ಮೆ ಮಾಡಿಸಿ ನೋಡಬೇಕು.

ಫೋನಿನಲ್ಲಿ ಮುಖವೂ ಕೈಯೂ ಕಾಣುವುದಿಲ್ಲ. ಆದ್ದರಿಂದ ಮುಖ್ಯ ವಿಷಯ ಮುಗಿದ ಮೇಲೆ, ‘ಹಂಗಾದರ ಏನಂತ ಆತ್ರಿ?’ ಎಂದು ಕೇಳಿ, ದಿನ, ಹೊತ್ತು, ಮೊತ್ತಗಳನ್ನು ಅವರ ಬಾಯಿಂದಲೇ ಹೇಳಿಸಿಕೊಳ್ಳಬೇಕು. ನಂತರ ಅವನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳುಹಿಸಬಹುದು. ಓದಲು ಬಾರದವರಿಗೆ ಧ್ವನಿ ಸಂದೇಶ ಕಳುಹಿಸಬೇಕು. ಹೆಬ್ಬೆರಳಿನ ಚಿತ್ರ ಬಂದರೆ ಸಂದೇಶ ತಲುಪಿತು ಎಂದಷ್ಟೇ ತಿಳಿದು, ಹಿಂದಿನ ದಿನ ಸಂಜೆ ಮತ್ತೊಮ್ಮೆ ಫೋನ್ ಮಾಡಬೇಕು.