ಕಾಈದೋಸ್ ಅಂದರೆ ಕೈದಿಗಳಲ್ಲ

ಸುರಂಗ ಕೊರೆಯುವ ನಮ್ಮಂಥವರಿಗೆ ಒಂದು ಚಾಳಿ. ಯಾವ ದೇಶಕ್ಕೆ ಹೋದರೂ ಊರಿಗಿಂತ ಮೊದಲು ಅಲ್ಲಿನ ಬಂಡೆ ನೋಡುತ್ತೇವೆ. 2018ರಲ್ಲಿ ಕೆಲಸದ ಮೇಲೆ ಮೂರು ತಿಂಗಳು ಮ್ಯಾಡ್ರಿಡ್‌ನಲ್ಲಿದ್ದೆ. ವಾಯುವ್ಯದ ಹೆದ್ದಾರಿಯಲ್ಲಿ ಹೋಗುವಾಗ ಗ್ವಾದರಾಮ ಬೆಟ್ಟಸಾಲಿನ ಮೇಲೆ ಒಂದು ಶಿಲುಬೆ ಕಂಡಿತು. ಹತ್ತು ನಿಮಿಷ ಓಡಿದರೂ ಅದು ಕಣ್ಣಿನಿಂದ ಮರೆಯಾಗಲೇ ಇಲ್ಲ. 150 ಮೀಟರ್ ಎತ್ತರವಂತೆ.

ಕಾರು ಓಡಿಸುತ್ತಿದ್ದವರು ನಮ್ಮ ಪ್ರಾಜೆಕ್ಟಿನ ಸರ್ವೇಯರ್, ನಿವೃತ್ತಿಗೆ ಹತ್ತಿರದಲ್ಲಿದ್ದವರು. "ಅದರ ಕೆಳಗೆ ಗ್ರಾನೈಟ್ ಬೆಟ್ಟದೊಳಗೆ 262 ಮೀಟರ್ ಉದ್ದದ ಚರ್ಚು ಕೊರೆದಿದ್ದಾರೆ. ನಿನ್ನ ಕಸುಬಿನದ್ದು, ಹೋಗಿ ನೋಡು" ಅಂದರು. ನೀವೂ ಬನ್ನಿ ಅಂದೆ. "ನಮ್ಮ ಅಜ್ಜಿಯ ಅಣ್ಣ ಅಲ್ಲಿದ್ದಾನೋ ಇಲ್ಲವೋ ನಮಗೆ ಗೊತ್ತಿಲ್ಲ. ಅದಕ್ಕೇ ನಾನು ಹೋಗುವುದಿಲ್ಲ" ಅಂದು ರೇಡಿಯೊ ಜೋರು ಮಾಡಿದರು. ಅರ್ಥವಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಅದರ ಹೆಸರು ಆಗ 'ವಾಯೆ ದೆ ಲೋಸ್ ಕಾಈದೋಸ್'. ಕಾಈದೋಸ್ ಅಂದರೆ ಬಿದ್ದವರು, ಯುದ್ಧದಲ್ಲಿ ಮಡಿದವರು. ಒಟ್ಟು ಹೆಸರಿನ ಅರ್ಥ, ಮಡಿದವರ ಕಣಿವೆ. ನನ್ನ ಕನ್ನಡದ ಕಿವಿಗೆ ಅದು 'ಕೈದಿಗಳ ಕಣಿವೆ' ಎಂದೇ ಕೇಳಿಸಿತ್ತು. ಕಿವಿಯ ತಪ್ಪು ಅಂದುಕೊಂಡು ನಕ್ಕಿದ್ದೆ. ಆಮೇಲೆ ನಗು ಬರಲಿಲ್ಲ.

ಮೊದಲ ಸಲ ಹೋದದ್ದು ಒಂದು ಭಾನುವಾರ. ಮೊಂಕ್ಲೋವಾ ನಿಲ್ದಾಣದಿಂದ 664ನೇ ನಂಬರಿನ ಬಸ್ಸು ಹಿಡಿದು ಸಾನ್ ಲೊರೆಂಥೊ ದೆ ಎಲ್ ಎಸ್ಕೊರಿಯಾಲ್ ಎಂಬ ಊರಿಗೆ, ಅಲ್ಲಿಂದ ಟ್ಯಾಕ್ಸಿಗೆ. ಸ್ಪೇನಿನ ರಾಜರನ್ನು ಹೂಳುವ ದೊಡ್ಡ ಅರಮನೆ-ಮಠ ಇರುವುದು ಅದೇ ಊರಲ್ಲಿ. ಎಲ್ಲರೂ ಅದನ್ನು ನೋಡಿ ಇದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತಾರೆ. ಹಾಗೆ ಮಾಡಬೇಡಿ, ದಣಿದ ಕಣ್ಣಿಗೆ ಇಲ್ಲಿ ಗಾತ್ರ ಬಿಟ್ಟು ಬೇರೇನೂ ಕಾಣುವುದಿಲ್ಲ. ಸೋಮವಾರ ಬಾಗಿಲು ಹಾಕಿರುತ್ತದೆ. ಮುಖ್ಯದ್ವಾರದಿಂದ ಮೇಲಕ್ಕೆ ಸುಮಾರು 6 ಕಿಲೋಮೀಟರ್ ದಾರಿ, ಎರಡೂ ಕಡೆ ಪೈನ್ ಕಾಡು. ಆದ್ದರಿಂದ ವಾಪಸ್ ಬರುವುದಕ್ಕೂ ಟ್ಯಾಕ್ಸಿಯವರೊಡನೆ ಮೊದಲೇ ಮಾತಾಡಿಕೊಳ್ಳುವುದು ವಾಸಿ. ನಾನು ಮಾತಾಡಿಕೊಂಡಿರಲಿಲ್ಲ.

ಎದುರಿನ ಅಂಗಳಕ್ಕೆ ಕಾಲಿಟ್ಟಾಗ ನಿಜ ಹೇಳಬೇಕೆಂದರೆ ಮೈ ಜುಮ್ಮೆಂದಿತು. 30,000 ಚದರ ಮೀಟರಿಗೂ ಹೆಚ್ಚು ಹರಡಿದ ಕಲ್ಲುಹಾಸು. ಸುರಂಗದಿಂದ ತೆಗೆದ ಕಲ್ಲುರಾಶಿಗೆ ನಮ್ಮ ಸೈಟಿನಲ್ಲಿ 'ಮಕ್' ಅನ್ನುತ್ತೇವೆ, ಅದನ್ನು ಎಲ್ಲಿ ಸುರಿಯುವುದು ಅನ್ನುವುದೇ ನಮ್ಮ ದಿನನಿತ್ಯದ ತಲೆನೋವು. ಇಲ್ಲಿ ಬೆಟ್ಟದೊಳಗಿನ ಮಕ್ಕನ್ನು ಬಾಗಿಲ ಮುಂದೆಯೇ ಹರಡಿ ಅಂಗಳ ಮಾಡಿದ್ದಾರೆ. ಬಾಗಿಲ ಮೇಲೆ ಮಗನ ಹೆಣವನ್ನು ತೊಡೆಯ ಮೇಲಿಟ್ಟುಕೊಂಡ ಮೇರಿಯ ವಿಗ್ರಹ, ಮೇಲೆ ಶಿಲುಬೆಯ ಬುಡದಲ್ಲಿ ಯೇಸುವಿನ ಕಥೆ ಬರೆದ ನಾಲ್ಕು ಸುವಾರ್ತಾಕಾರರ ದೈತ್ಯ ಪ್ರತಿಮೆಗಳು. ಕೆತ್ತಿದವನು ಹುವಾನ್ ದೆ ಆವಲೋಸ್.

ಒಳಗೆ ಹೋಗಲು ಬ್ಯಾಗು ಸ್ಕ್ಯಾನ್ ಮಾಡಿಸಬೇಕು, ಫೋಟೊ ತೆಗೆಯುವಂತಿಲ್ಲ. ಒಳಗೆ ತಂಪು, ಮಬ್ಬು ಬೆಳಕು. ಗೋಡೆಗೆ ಲೋಕಾಂತ್ಯದ ದೃಶ್ಯಗಳ ತೂಗುಚಿತ್ರಗಳು. ಚಾವಣಿಯಲ್ಲಿ ಅಲ್ಲಲ್ಲಿ ಬಂಡೆಯನ್ನು ಹಾಗೇ ಬಿಟ್ಟಿದ್ದಾರೆ. ನನ್ನ ಕಣ್ಣು ಅಲ್ಲೇ ಅಂಟಿಕೊಂಡಿತು: ಎಷ್ಟು ಅಗಲ ಬಿಟ್ಟಿದ್ದಾರೆ, ಬಿರುಕು ಎತ್ತ ಓಡಿದೆ, ನೀರು ಎಲ್ಲಿ ಜಿನುಗಿದೆ. ಮೊದಲು ಸುಮಾರು 11 ಮೀಟರ್ ಅಗಲಕ್ಕೆ ಕೊರೆದಿದ್ದರಂತೆ. ಚರ್ಚಿನ ಹಾಗಿಲ್ಲ, ಸುರಂಗದ ಹಾಗಿದೆ ಅನ್ನಿಸಿತೆಂದು ಆಮೇಲೆ ದುಪ್ಪಟ್ಟು ಮಾಡಿಸಿದರು. ಒಮ್ಮೆ ಕೊರೆದ ಗ್ರಾನೈಟನ್ನು ಮತ್ತೆ ಅಗಲ ಮಾಡುವುದೆಂದರೆ ಏನೆಂದು ಅದನ್ನು ಮಾಡಿದವರಿಗೇ ಗೊತ್ತು. ರೋಮಿನ ಸೇಂಟ್ ಪೀಟರ್ಸ್ ಚರ್ಚಿಗಿಂತ ಇದು ಉದ್ದವಾಯಿತೆಂದು, ಪೂಜೆ ನಡೆಯುವ ಭಾಗ ಅದಕ್ಕಿಂತ ಚಿಕ್ಕದಾಗುವಂತೆ ಮಧ್ಯೆ ಒಂದು ಗಡಿ ಹಾಕಿದರೆಂದೂ ಹೇಳುತ್ತಾರೆ. ನಾನು ಹೆಜ್ಜೆ ಎಣಿಸುತ್ತ ಹೋದೆ, ಮಕ್ಕಳ ಹಾಗೆ.

ಪೂಜಾಪೀಠದ ಹಿಂದೆ ನೆಲದಲ್ಲಿ ಒಂದು ಚಪ್ಪಡಿ. ಅದರ ಮೇಲೆ ಒಂದು ಶಿಲುಬೆ, 'ಫ್ರಾನ್ಸಿಸ್ಕೊ ಫ್ರಾಂಕೊ' ಎಂಬ ಹೆಸರು, ತಾಜಾ ಹೂಗಳು. 1975ರಲ್ಲಿ ಸಾಯುವವರೆಗೂ ಸ್ಪೇನನ್ನು ಆಳಿದ ಸರ್ವಾಧಿಕಾರಿ ಅವನು. ಪೀಠದ ಮುಂದಿನ ಚಪ್ಪಡಿ ಫಲಾಂಜೆ ಎಂಬ ಫ್ಯಾಸಿಸ್ಟ್ ಪಕ್ಷ ಕಟ್ಟಿದ ಹೊಸೆ ಆಂತೊನಿಯೊ ಪ್ರಿಮೊ ದೆ ರಿವೇರಾನದು; ಅವನನ್ನು 1936ರಲ್ಲಿ ಎದುರು ಪಕ್ಷದ ಗಣರಾಜ್ಯದವರು ಗುಂಡಿಟ್ಟು ಕೊಂದಿದ್ದರು. ಫ್ರಾಂಕೊನನ್ನು ಇಲ್ಲಿಂದ ತೆಗೆಯುತ್ತಾರೆಂಬ ಸುದ್ದಿ ಹಬ್ಬಿದ್ದರಿಂದ ಆ ವರ್ಷ ಜನ ಮುಗಿಬೀಳುತ್ತಿದ್ದರು. ಒಬ್ಬ ಮುದುಕ ಮಂಡಿಯೂರಿದ. ಅವನ ಹಿಂದಿದ್ದ ಹುಡುಗಿಯೊಬ್ಬಳು ಚಪ್ಪಡಿಯ ಅಂಚನ್ನೂ ತುಳಿಯದ ಹಾಗೆ ಸುತ್ತು ಹಾಕಿಕೊಂಡು ಹೋದಳು. ಅದು ಗೌರವವೋ ಹೇಸಿಗೆಯೋ ತಿಳಿಯಲಿಲ್ಲ.

ಹೊರಗೆ ಬಂದು ಟ್ಯಾಕ್ಸಿಗಾಗಿ ಕಾಯುತ್ತ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಕೆಜಿಎಫ್‌ನಲ್ಲಿ ಗಣಿ ಮುಚ್ಚುವವರೆಗೂ, ಅಂದರೆ 2001ರವರೆಗೂ, ನೆಲದಡಿ ಕೆಲಸ ಮಾಡಿದವರು. ತಾತನೂ ಅಲ್ಲೇ, ಚಾಂಪಿಯನ್ ರೀಫ್ ಶಾಫ್ಟಿನಲ್ಲಿ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಹೋದರು. ನಾನು ಉತ್ಸಾಹದಲ್ಲಿ 262 ಮೀಟರು, 22 ಮೀಟರು, ಗ್ರಾನೈಟು ಎಂದೆಲ್ಲ ಒದರಿದೆ. ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಡ್ರಿಲ್ಲಿಗೆ ನೀರು ಬಿಟ್ಟಿದ್ದರೇನೋ, ಒಣಗೇ ಹೊಡೆಸಿದರೇನೋ?"

ನೀರು ಬಿಟ್ಟರೆ ಧೂಳು ಅಡಗುತ್ತದೆ, ಒಣಗೇ ಹೊಡೆದರೆ ಅದು ಎದೆಗೆ ಹೋಗುತ್ತದೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಗಂಟೆ ಆ ಕಲ್ಲಿನ ಹೊಟ್ಟೆಯೊಳಗಿದ್ದು, ಅದನ್ನು ಕೊರೆದವರು ಯಾರು ಎಂದು ಕೂಡ ನಾನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವಂತೆ ಅಲ್ಲಿ ಯಾವ ಫಲಕವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಓದಲು ಶುರು ಮಾಡಿದ್ದು ಆ ರಾತ್ರಿಯಿಂದ.

ಗಣರಾಜ್ಯದ ವಿರುದ್ಧ ದಂಗೆಯೆದ್ದ ಫ್ರಾಂಕೊನ ಕಡೆಯವರು ಗೆದ್ದು ಅಂತರ್ಯುದ್ಧ ಮುಗಿದದ್ದು 1939ರ ಏಪ್ರಿಲ್ 1ರಂದು. ಸರಿಯಾಗಿ ಒಂದು ವರ್ಷಕ್ಕೆ ಫ್ರಾಂಕೊ ಈ ಸ್ಮಾರಕದ ಆಜ್ಞೆ ಹೊರಡಿಸಿದ. ಇಲ್ಲಿನ ಕಲ್ಲುಗಳು ಕಾಲಕ್ಕೂ ಮರೆವಿಗೂ ಸವಾಲು ಹಾಕಬೇಕು ಎಂದು ಅದರಲ್ಲಿ ಬರೆಸಿದ. ಪೆದ್ರೊ ಮುಗುರುಥಾ ಎಂಬ ವಾಸ್ತುಶಿಲ್ಪಿ ಶುರು ಮಾಡಿದ್ದನ್ನು ದಿಯೆಗೊ ಮೆಂದೆಸ್ ಮುಗಿಸಿದ. ಬಾಗಿಲು ತೆರೆದದ್ದು 1959ರ ಏಪ್ರಿಲ್ 1ಕ್ಕೆ. ತಾರೀಖು ನೋಡಿ; ಇದು ಗೆದ್ದವರ ಕ್ಯಾಲೆಂಡರು.

1943ರಿಂದ 1950ರವರೆಗೆ ಇಲ್ಲಿ ದುಡಿದವರಲ್ಲಿ ಸೋತ ಪಕ್ಷದ ರಾಜಕೀಯ ಕೈದಿಗಳಿದ್ದರು. ಕೆಲಸ ಮಾಡಿದಷ್ಟು ದಿನಕ್ಕೆ ಶಿಕ್ಷೆಯ ಅವಧಿ ಇಳಿಯುತ್ತಿತ್ತು. ಹೆಂಡತಿ ಮಕ್ಕಳು ಹತ್ತಿರದಲ್ಲೇ ಗುಡಿಸಲು ಹಾಕಿಕೊಂಡು ಇರಬಹುದಿತ್ತು. ಅವರು ತಾವಾಗಿಯೇ ಬಂದವರು, ಕೂಲಿಯೂ ಸಿಗುತ್ತಿತ್ತು ಎಂದು ಇವತ್ತಿಗೂ ವಾದಿಸುವವರಿದ್ದಾರೆ. ಕಿಕ್ಕಿರಿದ ಜೈಲಿನಲ್ಲಿ ಹಸಿದು ಕೊಳೆಯುವುದು ಒಂದು ಕಡೆ, ಬಂಡೆ ಒಡೆಯುವುದು ಇನ್ನೊಂದು ಕಡೆ ಇಟ್ಟು ಆರಿಸಿಕೋ ಅನ್ನುವುದನ್ನು ನಾನಂತೂ ಸ್ವಂತ ಇಚ್ಛೆ ಅನ್ನಲಾರೆ. ಅಪಘಾತದಲ್ಲಿ ಸತ್ತವರು 14 ಮಂದಿ ಎಂದು ಅಲ್ಲಿನ ವೈದ್ಯ ಹೇಳಿದ್ದ. ಅವನೂ ಕೈದಿಯಾಗಿ ಬಂದವನೇ. ಆದರೆ ಕಲ್ಲಿನ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ಅನ್ನುವುದು ಸೈಟಿನಲ್ಲಿ ಕೊಲ್ಲುವ ಕಾಯಿಲೆಯಲ್ಲ. ಮನೆಗೆ ಕಳಿಸಿ, ಐದೋ ಹತ್ತೋ ವರ್ಷ ಬಿಟ್ಟು, ಮಂಚದ ಮೇಲೆ ಕೊಲ್ಲುತ್ತದೆ. ಅಂಥ ಸಾವು ಯಾವ ಸೈಟಿನ ರಿಜಿಸ್ಟರಿಗೂ ಏರುವುದಿಲ್ಲ. ನಮ್ಮ ತಾತನದೂ ಏರಲಿಲ್ಲ.

ಈ ಓದಿನಲ್ಲಿ ಮನಸ್ಸು ಹಗುರವಾದದ್ದು ಒಂದು ಕಡೆ ಮಾತ್ರ. 1948ರಲ್ಲಿ ನಿಕೊಲಾಸ್ ಸಾಂಚೆಸ್-ಅಲ್ಬೋರ್ನೋಸ್, ಮ್ಯಾನುಯೆಲ್ ಲಮಾನಾ ಎಂಬ ಇಬ್ಬರು ವಿದ್ಯಾರ್ಥಿಗಳು ಇಲ್ಲಿಂದ ಪರಾರಿಯಾದರು. ಕಾದಿದ್ದ ಕಾರಿನಲ್ಲಿ ಇಬ್ಬರು ಅಮೆರಿಕನ್ ಯುವತಿಯರಿದ್ದರು. ಪ್ರವಾಸಕ್ಕೆ ಬಂದವರ ಸೋಗಿನಲ್ಲಿ ಗಡಿಯತ್ತ ಓಡಿ, ಹುಡುಗರು ಫ್ರಾನ್ಸ್ ಸೇರಿಕೊಂಡರು. ನಿಕೊಲಾಸ್ ದೊಡ್ಡ ಇತಿಹಾಸಕಾರನಾದರು. ಸರ್ವಾಧಿಕಾರ ಮುಗಿದ ಮೇಲೆ, ಸ್ಪ್ಯಾನಿಷ್ ಭಾಷೆಯನ್ನು ಜಗತ್ತಿಗೆ ಕಲಿಸುವ ಸೆರ್ವಾಂತೆಸ್ ಸಂಸ್ಥೆಯ ಮೊದಲ ನಿರ್ದೇಶಕರೂ ಆದರು.

ಸರ್ವೇಯರ್ ಹೇಳಿದ್ದು ಅರ್ಥವಾದದ್ದು ಆಮೇಲೆ. ಇಷ್ಟು ದೊಡ್ಡ ಸ್ಮಾರಕ ತುಂಬಬೇಕಲ್ಲ, ದೇಶದ ಮೂಲೆಮೂಲೆಯಿಂದ ಹೆಣ ತರಿಸಿದರು. 1959ರಿಂದ 1983ರವರೆಗೆ ತಂದವು 33,800ಕ್ಕೂ ಹೆಚ್ಚು. ಇದರಲ್ಲಿ 12,000ಕ್ಕೂ ಹೆಚ್ಚಿನವರ ಹೆಸರು ದಾಖಲಾಗಲೇ ಇಲ್ಲ. ಫ್ರಾಂಕೊನ ಕಡೆಯವರು ಮಾತ್ರವಲ್ಲ, ಅವನ ಕಡೆಯವರೇ ಗುಂಡಿಟ್ಟು ಹಳ್ಳಕ್ಕೆ ತಳ್ಳಿದವರ ಎಲುಬುಗಳನ್ನೂ ಮನೆಯವರಿಗೆ ಹೇಳದೆ ಅಗೆದು ತಂದರು. ಪೆಟ್ಟಿಗೆಗಳಲ್ಲಿ ತುಂಬಿ, ಚರ್ಚಿನ ಉಪಗುಡಿಗಳ ಗೋಡೆಯ ಹಿಂದೆ ಒಂದರ ಮೇಲೊಂದು ಪೇರಿಸಿ, ಮುಚ್ಚಿದರು. ಹೊರಗೆ ಕೆತ್ತಿಸಿದ್ದು 'ದೇವರಿಗಾಗಿ, ಸ್ಪೇನಿಗಾಗಿ ಮಡಿದವರು, 1936–1939' ಎಂದು. ಕೊಂದವನ ಪಕ್ಕದಲ್ಲೇ ಕೊಲೆಯಾದವನು, ಅದೂ ಕೊಂದವನ ಘೋಷಣೆಯ ಕೆಳಗೆ. ನಾನು ಹೆಜ್ಜೆ ಎಣಿಸುತ್ತ ಹೋದದ್ದು ಅವರೆಲ್ಲರ ಮುಂದೆ.

2019ರ ಅಕ್ಟೋಬರ್ 24ರಂದು ಫ್ರಾಂಕೊನ ಪೆಟ್ಟಿಗೆಯನ್ನು ಎತ್ತಿ, ಹೆಲಿಕಾಪ್ಟರಿನಲ್ಲಿ ಮ್ಯಾಡ್ರಿಡ್ ಅಂಚಿನ ಮಿಂಗೊರ್ರೂಬಿಯೊ ಸ್ಮಶಾನಕ್ಕೆ ಒಯ್ದರು. ನಾನು ಬೆಂಗಳೂರಿನಲ್ಲಿ, ಮೆಟ್ರೊ ಸೈಟಿನ ಕಂಟೇನರ್ ಆಫೀಸಿನಲ್ಲಿ ಕೂತು ಫೋನಿನಲ್ಲಿ ನೋಡಿದೆ. 2022ರ ಕಾನೂನು ಸ್ಥಳಕ್ಕೆ ಹಳೆಯ ಹೆಸರನ್ನೇ ಕೊಟ್ಟಿತು, ಕುಯೆಲ್ಗಾಮುರೋಸ್ ಕಣಿವೆ. 2023ರ ಏಪ್ರಿಲ್‌ನಲ್ಲಿ ಹೊಸೆ ಆಂತೊನಿಯೊನನ್ನೂ ಹೊರಗೆ ತಂದರು. ಅದೇ ವರ್ಷ ವಿಧಿವಿಜ್ಞಾನ ತಜ್ಞರು, ಅರ್ಜಿ ಹಾಕಿದ್ದ ಕುಟುಂಬಗಳವರ ಎಲುಬು ಹುಡುಕಲು ಗೋಡೆಯ ಹಿಂದಕ್ಕೆ ಇಳಿದರು.

2024ರ ವಸಂತದಲ್ಲಿ ಮತ್ತೆ ಮ್ಯಾಡ್ರಿಡ್‌ಗೆ ಹೋಗುವ ಅವಕಾಶ ಬಂತು. ಈ ಸಲ ತಯಾರಿ ಮಾಡಿಕೊಂಡೆ. ಒಂದು ಹಾಳೆಯಲ್ಲಿ ಒಳಗಿನ ನಕ್ಷೆ ಗೀಚಿ, ಯಾವ ಗೋಡೆಯ ಹಿಂದೆ ಏನಿದೆ ಎಂದು ಗುರುತು ಹಾಕಿದೆ. ಒಳಗಿದ್ದಾಗ ತಲೆ ಎತ್ತುವುದಕ್ಕಿಂತ ಅಕ್ಕಪಕ್ಕ ನೋಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕಟ್ಟಿದವರು ಎಲ್ಲರ ಕತ್ತೂ ಮೇಲಕ್ಕೆ ತಿರುಗುವಂತೆ ಲೆಕ್ಕ ಹಾಕಿದ್ದಾರೆ. ಗುಮ್ಮಟದಲ್ಲಿ ಸುಮಾರು 50 ಲಕ್ಷ ಚೂರುಗಳ ಮೊಸಾಯಿಕ್ ಹೊಳೆಯುತ್ತಿರುತ್ತದೆ, ಸಂತರ ನಡುವೆ ಫಲಾಂಜೆಯ ಬಾವುಟವೂ ಇದೆ. ಅದನ್ನು ನೋಡುತ್ತ ನಡೆದರೆ ಎಡಬಲದ ಗುಡಿಗಳು ದಾಟಿ ಹೋಗಿರುತ್ತವೆ. ನಾನು ಒಂದೊಂದರ ಮುಂದೆಯೂ ನಿಂತೆ. ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಕಷ್ಟ, ಏಕೆಂದರೆ ನೋಡುವುದಕ್ಕೆ ಏನೂ ಇಲ್ಲ. ಒಂದು ಬಾಗಿಲು, ಮೇಲೆ ಆ ಸಾಲು, ಅಷ್ಟೇ. ಒಂದು ಕಡೆ ಬಾಗಿಲ ಸಂದಿನಿಂದ ಕರೆಂಟಿನ ವೈರು ಒಳಕ್ಕೆ ಹೋಗಿತ್ತು.

ಪೀಠದ ಹಿಂದೆ ಹೂವಿರಲಿಲ್ಲ. ಉಳಿದ ನೆಲದಂತೆಯೇ ನೆಲ. ಇಬ್ಬರು ಹುಡುಗರು ಇಲ್ಲೇ ಅಲ್ಲವಾ ಎಂದು ಪಿಸುಗುಡುತ್ತ ತಪ್ಪು ಜಾಗ ತೋರಿಸುತ್ತಿದ್ದರು. ಇದನ್ನೆಲ್ಲ ಏನು ಮಾಡುವುದು ಎಂಬ ಜಗಳ ಸ್ಪೇನಿನಲ್ಲಿ ಮುಗಿದಿಲ್ಲ. ಉಡಾಯಿಸಿ ಅನ್ನುವವರಿದ್ದಾರೆ, ಮುಟ್ಟಲೇಬೇಡಿ ಅನ್ನುವವರಿದ್ದಾರೆ, ಬೆನೆಡಿಕ್ಟೈನ್ ಸನ್ಯಾಸಿಗಳು ಇನ್ನೂ ಅಲ್ಲೇ ಪ್ರಾರ್ಥನೆ ಮಾಡುತ್ತಿದ್ದಾರೆ. ಅರ್ಥ ಬದಲಿಸಿ ವಿವರಣಾ ಕೇಂದ್ರ ಮಾಡುವುದಕ್ಕೆ 2025ರಲ್ಲಿ ಸರ್ಕಾರ ವಾಸ್ತುಶಿಲ್ಪಿಗಳ ಸ್ಪರ್ಧೆಯನ್ನೂ ನಡೆಸಿತು. ನನ್ನನ್ನು ಕೇಳಿದರೆ, ಕಲ್ಲು ಅಲ್ಲೇ ಇರಲಿ, ಕೊರೆದವರ ಪಟ್ಟಿ ಮೊದಲು ಬಾಗಿಲಲ್ಲಿ ಬರಲಿ.

ಸರ್ವೇಯರ್ ಈಗ ನಿವೃತ್ತರು. ಈ ಸಲವೂ ಬರಲಿಲ್ಲ. ಆದರೆ ಎಸ್ಕೊರಿಯಾಲ್ ಊರಿನವರೆಗೆ ಕಾರಿನಲ್ಲಿ ಬಿಟ್ಟು, ಕಾಫಿ ಕುಡಿಯುತ್ತ ಕಾದಿದ್ದರು. ಅರ್ಜಿ ಹಾಕಿದ್ದೇವೆ, ಡಿಎನ್‌ಎ ಪರೀಕ್ಷೆಗೆ ಅಕ್ಕ ಎಂಜಲು ಮಾದರಿ ಕೊಟ್ಟಿದ್ದಾಳೆ ಅಂದರು. ಇನ್ನೇನೂ ಕೇಳಬೇಡ ಎಂಬಂತೆ ಕಪ್ಪು ಬದಿಗೆ ಸರಿಸಿದರು.

ಇಳಿಯುವಾಗ ಟ್ಯಾಕ್ಸಿಯವನಿಗೆ ಒಂದು ತಿರುವಿನಲ್ಲಿ ನಿಲ್ಲಿಸಲು ಹೇಳಿದ್ದೆ. ಈ ದಾರಿಯನ್ನು ಕಡಿದವರೂ ಕೈದಿಗಳೇ. ಅಂಚಿನ ಬಂಡೆಯಲ್ಲಿ ಸಿಡಿಮದ್ದು ತುಂಬಲು ಕೊರೆದ ತೂತಿನ ಅರ್ಧಭಾಗ ಉಳಿದಿತ್ತು, ಸೀಳಿದ ಕೊಳವೆಯ ಹಾಗೆ. ಒಳಗೆ ಫೋಟೊ ನಿಷೇಧ, ಇಲ್ಲಿ ಯಾರೂ ಕೇಳುವವರಿಲ್ಲ. ಹತ್ತಿರದಿಂದ ಒಂದು ತೆಗೆದು ಅಪ್ಪನಿಗೆ ಕಳಿಸಿದೆ.

ರಾತ್ರಿ ಅಪ್ಪನ ಫೋನ್ ಬಂತು. ಒಣ ಡ್ರಿಲ್ಲೋ ನೀರಿನದ್ದೋ ಫೋಟೊದಲ್ಲಿ ಹೇಳುವುದಕ್ಕಾಗುವುದಿಲ್ಲ ಅಂದರು. ಸ್ವಲ್ಪ ಸುಮ್ಮನಿದ್ದು, "ತೂತು ಮೊದಲು ನೆಟ್ಟಗೆ ಹೋಗಿ, ಕೊನೆಗೆ ಕೆಳಕ್ಕೆ ಬಾಗಿದೆ ನೋಡು. ಶಿಫ್ಟು ಮುಗಿಯೋ ಹೊತ್ತು ಕಣೋ ಅದು. ಕೈ ಸೋತಿದೆ ಅವನಿಗೆ" ಅಂದರು.