ಇಂಗ್ಲೆಂಡಿನಲ್ಲಿ ಹುಷಾರು ತಪ್ಪಿದಾಗ: ಹೊಸದಾಗಿ ಬಂದವರಿಗೆ

ಮೊದಲು ಕಾಗದಪತ್ರದ ಕೆಲಸ ಮುಗಿಸಿಬಿಡೋಣ. ಮನೆ ಸಿಕ್ಕ ವಾರವೇ ಹತ್ತಿರದ ಜಿಪಿ ಸರ್ಜರಿಯಲ್ಲಿ ಹೆಸರು ಬರೆಸಿ. ಜಿಪಿ ಅಂದ್ರೆ ಯಾವ ಕಾಯಿಲೆಗೂ ಮೊದಲು ನೋಡುವ ಡಾಕ್ಟರು, ಸರ್ಜರಿ ಅಂದ್ರೆ ಇಲ್ಲಿ ಅವರ ಕ್ಲಿನಿಕ್. ವಿಳಾಸದ ಪುರಾವೆ ಇಲ್ಲದಿದ್ದರೂ ಸೇರಿಸಿಕೊಳ್ಳಬೇಕು ಅನ್ನೋದೇ ನಿಯಮ. ಜೀವಕ್ಕೆ ಅಪಾಯ ಅನ್ನಿಸಿದರೆ 999, ಉಳಿದ ತುರ್ತಿಗೆ 111ಕ್ಕೆ ಫೋನ್ ಮಾಡಿ. ಗಂಟಲುನೋವು, ಕಿವಿನೋವು ಸೇರಿ ಏಳು ತೊಂದರೆಗಳಿಗೆ 2024ರಿಂದ ಫಾರ್ಮಸಿಯವರೇ ನೋಡಿ ಔಷಧಿ ಕೊಡುತ್ತಾರೆ.

ಇದೆಲ್ಲ ನಾನೂ ಸರಿಯಾಗೇ ಮಾಡಿದ್ದೆ. ತಪ್ಪಿದ್ದು ಮಾತಿನಲ್ಲಿ.

ಬಂದ ಎರಡನೇ ವರ್ಷ ನನ್ನ ಹೆಂಡತಿಗೆ ಊಟವಾದ ಮೇಲೆ ಹೊಟ್ಟೆಯ ಬಲಗಡೆ ನೋವು ಶುರುವಾಯಿತು. ರಾತ್ರಿ ಎದ್ದು ನೋಡಿದರೆ ಬಾತ್‌ರೂಮಿನ ತಣ್ಣನೆ ನೆಲದ ಮೇಲೆ ಮೊಣಕಾಲು ಮಡಚಿ ಮಲಗಿದ್ದಳು. ಬೆಳಿಗ್ಗೆ ಜಿಪಿ ಫೋನ್ ಮಾಡಿ ಕೇಳಿದರು, ನೋವು ಹತ್ತರಲ್ಲಿ ಎಷ್ಟು ಅಂತ. ಅವಳು ನಾಲ್ಕು ಅಂದಳು. "ಈಗ ಪರವಾಗಿಲ್ಲ, ತಡ್ಕೋಬಹುದು" ಅಂತ ಬೇರೆ ಸೇರಿಸಿದಳು. ನಾನು ಪಕ್ಕದಲ್ಲೇ ಇದ್ದೆ. ಬಾತ್‌ರೂಮಿನ ಮಾತು ನಾನೂ ಎತ್ತಲಿಲ್ಲ. ಪ್ಯಾರಾಸಿಟಮಾಲ್ ತಗೊಳ್ಳಿ, ಜಾಸ್ತಿಯಾದರೆ ಮತ್ತೆ ಹೇಳಿ ಅಂದರು. ಮೂರು ವಾರದ ನಂತರ ಮಧ್ಯರಾತ್ರಿ ಆಂಬುಲೆನ್ಸಿನಲ್ಲಿ ಹೋದೆವು. ಪಿತ್ತಕೋಶದಲ್ಲಿ ಕಲ್ಲು, ಸೋಂಕೂ ಆಗಿತ್ತು. ಪಿತ್ತಕೋಶವನ್ನೇ ತೆಗೆದರು.

ತಿಂಗಳುಗಟ್ಟಲೆ ನಾನು ಇಲ್ಲಿಯ ವ್ಯವಸ್ಥೆಯನ್ನು ಬೈದೆ. ನಮ್ಮ ಕಡೆಯವರೇ ಒಬ್ಬ ನರ್ಸ್ ಇದ್ದಾರೆ, ಕೊನೆಗೆ ಅವರು ಕೇಳಿದರು, "ಅಣ್ಣಾ, ನಾಲ್ಕು ಅಂದ್ರೆ ನೆಟ್ಟಗೆ ನಿಂತು ಅಡುಗೆ ಮಾಡೋ ನೋವು. ಅಕ್ಕ ಯಾಕೆ ಹಾಗಂದ್ರು?"

ಯಾಕೆ ಅಂದ್ರೆ ನಾವು ಹಾಗೇ ಬೆಳೆದವರು. ಊರಲ್ಲಿ ಡಾಕ್ಟರು ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು. ನಾವು ಪರವಾಗಿಲ್ಲ ಅಂದರೂ ಪಕ್ಕದಲ್ಲಿ ಅತ್ತೆನೋ ಚಿಕ್ಕಮ್ಮನೋ ಇದ್ದು "ರಾತ್ರಿಯೆಲ್ಲ ಒದ್ದಾಡಿದ್ದಾಳೆ ಸಾರ್" ಅಂತ ನಿಜ ಹೇಳಿಬಿಡುತ್ತಿದ್ದರು. ಇಲ್ಲಿ ಆ ಚಿಕ್ಕಮ್ಮ ಇಲ್ಲ. ದುಡ್ಡು ಕೊಟ್ಟು ಮುಂದೆ ಹೋಗುವ ಸಾಲೂ ಅಲ್ಲ ಇದು. ಯಾರಿಗೆ ಎಷ್ಟು ಕಷ್ಟ ಅಂತ ನೋಡಿ ಮುಂದೆ ಕರೆಯುತ್ತಾರೆ. ಕಷ್ಟ ಮುಚ್ಚಿಟ್ಟರೆ ಸಾಲಿನ ಕೊನೆಗೆ ನಾವೇ ಹೋಗಿ ನಿಂತ ಹಾಗೆ. ಹಾಗಾಗಿ ಫೋನ್ ಮಾಡುವ ಮುಂಚೆ ಬರೆದಿಟ್ಟುಕೊಳ್ಳಿ: ಯಾವಾಗಿಂದ, ಎಷ್ಟು ಸಲ, ಏನು ಮಾಡಲು ಆಗುತ್ತಿಲ್ಲ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅಂತ ಮೊದಲೇ ಕೇಳಿ, ಅದಕ್ಕೆ ದುಡ್ಡಿಲ್ಲ. ದಯವಿಟ್ಟು ಮಕ್ಕಳ ಕೈಲಿ ಹೇಳಿಸಬೇಡಿ.

ಯುಗಾದಿ ಊಟಕ್ಕೆ ಕೂತಾಗ ನಿಮಗೂ ಈ ಮಾತು ಕೇಳಿಸುತ್ತದೆ: "ನಮ್ಮೂರೇ ವಾಸಿ. ಬೆಳಿಗ್ಗೆ ಹೋದ್ರೆ ಸಂಜೆಗೆ ಸ್ಕ್ಯಾನ್ ರಿಪೋರ್ಟ್ ಕೈಯಲ್ಲಿ." ಸುಳ್ಳಲ್ಲ. ಇಂಗ್ಲೆಂಡಿನ ಕಾಯುವ ಪಟ್ಟಿಯಲ್ಲಿ 2025ರಲ್ಲಿ 70 ಲಕ್ಷಕ್ಕೂ ಹೆಚ್ಚು ಕೇಸುಗಳಿದ್ದವು. 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವ ಗುರಿಯನ್ನು 2016ರಿಂದ ಮುಟ್ಟಲಾಗಿಲ್ಲ. ಮಂಡಿನೋವಿನಲ್ಲಿ ತಿಂಗಳುಗಟ್ಟಲೆ ಕಾದವರ ಸಿಟ್ಟು ನ್ಯಾಯವಾದದ್ದೇ. ನಿಮ್ಮ ಕಂಪನಿ ಪ್ರೈವೇಟ್ ಇನ್ಶೂರೆನ್ಸ್ ಕೊಟ್ಟರೆ ತಗೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಸಾಮಾನ್ಯವಾಗಿ ಎದೆನೋವಿನ ರಾತ್ರಿಗಾಗಲಿ, ಜೀವನಪೂರ್ತಿ ಇರುವ ಸಕ್ಕರೆ ಕಾಯಿಲೆಗಾಗಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿಗೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ, ಎನ್‌ಎಚ್‌ಎಸ್ಸೇ ಬೇಕು.

ನಾನೂ ನಮ್ಮೂರೇ ವಾಸಿ ಅಂದವನೇ. ಶಿವಮೊಗ್ಗದಲ್ಲಿ ಅಪ್ಪನಿಗೆ ಉಸಿರು ಕಟ್ಟಿದ ದಿನದವರೆಗೆ. ರಜಕ್ಕೆ ಹೋಗಿದ್ದೆವು. ಪ್ರೈವೇಟ್ ಆಸ್ಪತ್ರೆಗೆ ಓಡಿದೆವು. ಅಪ್ಪ ಸ್ಟ್ರೆಚರ್ ಮೇಲೆ. ಕೌಂಟರಿನಲ್ಲಿದ್ದವರು ತಲೆ ಎತ್ತದೆ ಹೇಳಿದರು, "ಮೊದಲು ಐವತ್ತು ಸಾವಿರ ಅಡ್ವಾನ್ಸ್ ಕಟ್ಟಿ." ನನ್ನ ಹತ್ತಿರ ಕಾರ್ಡ್ ಇತ್ತು, ಕಟ್ಟಿದೆ. ನಮ್ಮ ಹಿಂದೆ ಒಬ್ಬ ಹೆಂಗಸು ಕೈಯಿಂದ ಬಳೆ ಬಿಚ್ಚುತ್ತಿದ್ದರು. ಒಂಬತ್ತು ವರ್ಷದ ನನ್ನ ಮಗ ಕೇಳಿದ, "ಅಪ್ಪಾ, ಅಜ್ಜನ್ನ ನೋಡೋಕೂ ಮುಂಚೆ ಯಾಕೆ ದುಡ್ಡು?" ನನಗೆ ಯಾವತ್ತೂ ಬಾರದ ಪ್ರಶ್ನೆ ಅದು. ನಾನು ಅದನ್ನೇ ನೋಡಿ ಬೆಳೆದವನು. ಜಯದೇವ, ಕಿದ್ವಾಯಿಯಂಥ ಸರ್ಕಾರಿ ಆಸ್ಪತ್ರೆಗಳು ಎಷ್ಟೋ ಜನರ ಜೀವ ಉಳಿಸಿವೆ, ಗೊತ್ತು. ಆದರೆ ಆ ರಾತ್ರಿ ನಮಗೆ ಹತ್ತಿರ ಇದ್ದದ್ದು ಆ ಕೌಂಟರ್.

ಇಲ್ಲಿ ಪುಕ್ಕಟೆ ಅಂತಲೂ ಅಂದುಕೊಳ್ಳಬೇಡಿ. 2024ರ ಫೆಬ್ರವರಿಯಿಂದ ವೀಸಾ ಜೊತೆಗಿನ ಹೆಲ್ತ್ ಸರ್ಚಾರ್ಜ್ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಒಂದು ಮಗು, ಮೂರು ವರ್ಷದ ವೀಸಾ ಅಂದರೆ 8,538 ಪೌಂಡ್ ಒಟ್ಟಿಗೆ ಕಟ್ಟಬೇಕು. ಮೇಲೆ ಸಂಬಳದಲ್ಲಿ ತೆರಿಗೆಯೂ ಹೋಗುತ್ತದೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ, ಎರಡು ಸಲ ಕಟ್ಟಿದ ಹಾಗೆ. ಆದರೂ ಹೆಂಡತಿ ಆಂಬುಲೆನ್ಸಿನಲ್ಲಿದ್ದಾಗ ಯಾರೂ ನನ್ನ ಜೇಬು ನೋಡಲಿಲ್ಲ. ಅದನ್ನು ಮರೆಯಲಾರೆ.

ವಿಸಿಟ್ ವೀಸಾದಲ್ಲಿ ಬರುವ ಅಪ್ಪ ಅಮ್ಮನಿಗೆ ಮಾತ್ರ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸದೆ ಕರೆಸಬೇಡಿ. ಎಮರ್ಜೆನ್ಸಿಯಲ್ಲಿ ನೋಡುವುದಕ್ಕೆ ದುಡ್ಡಿಲ್ಲ, ಆದರೆ ವಾರ್ಡಿಗೆ ಸೇರಿಸಿಕೊಂಡರೆ ಖರ್ಚಿನ ಒಂದೂವರೆ ಪಟ್ಟು ಬಿಲ್ ಬರುತ್ತದೆ.

ಇನ್ನೊಂದು ಮಾತು. ಅಪ್ಪ ಆಸ್ಪತ್ರೆಯಲ್ಲಿದ್ದ ಆರು ದಿನವೂ ದೊಡ್ಡಪ್ಪನ ಮಗ ಮೂರು ಹೊತ್ತು ಕ್ಯಾರಿಯರ್ ತಂದ. ಗಂಜಿ, ನಿಂಬೆ ಉಪ್ಪಿನಕಾಯಿ, ಬಿಸಿನೀರು. ರಾತ್ರಿ ಮಂಚದ ಕೆಳಗೆ ಚಾಪೆ ಹಾಸಿ ಯಾರಾದರೊಬ್ಬರು ಮಲಗುತ್ತಿದ್ದರು. ಇಲ್ಲಿ ನನ್ನ ಹೆಂಡತಿಗೆ ಬಿಲ್ ಬರಲಿಲ್ಲ. ಆದರೆ ರಾತ್ರಿ ಎಂಟಕ್ಕೆ ನನ್ನನ್ನು ಕಳಿಸಿಬಿಟ್ಟರು. ಆಪರೇಷನ್ ಆದ ಮರುದಿನ ತಣ್ಣಗಿನ ಸ್ಯಾಂಡ್‌ವಿಚ್ ಎದುರು ಒಬ್ಬಳೇ ಕೂತಿದ್ದಳು. "ರೀ, ಒಂದು ಲೋಟ ಸಾರು ಸಿಕ್ಕಿದ್ರೆ ಸಾಕಿತ್ತು" ಅಂದಳು. ನನಗೆ ಆಗ ಇಲ್ಲಿ ಕೇಳಲು ಒಂದು ಮನೆಯೂ ಗೊತ್ತಿರಲಿಲ್ಲ.

ಈಗ ನಮ್ಮನೆಯಲ್ಲಿ ಮೂರು ಡಬ್ಬಿಯ ಕ್ಯಾರಿಯರ್ ಇದೆ. ನಿಮ್ಮಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಸಂಕೋಚ ಬೇಡ, ತಿಳಿಸಿ. ವಾರ್ಡ್ ನಂಬರ್ ಹೇಳಿ, ಖಾರ ಎಷ್ಟಿರಬೇಕು ಅಂತಲೂ ಹೇಳಿ.