ಹಳ್ಳಕ್ಕೆ ಪೆಟ್ಟಿಗೆ ಇಳಿಸಿದ್ದು

ಡೋಣಿ ಹರಿದರೆ ಓಣಿಯೆಲ್ಲ ಜೋಳ ಅಂತಾರೆ, ಖರೆ. ಆದರೆ ಡೋಣಿ ನದಿಗೆ ಸೇರುವ ಹಳ್ಳ ತುಂಬಿದಾಗಲೆಲ್ಲ ತಾಳಿಕೋಟೆ ಕಡೆಯ ಆ ಹಳೇ ಪೈಪ್ ಸೇತುವೆ ಮುಳುಗಿ, ಕಬ್ಬಿನ ಟ್ರ್ಯಾಕ್ಟರ್ ಸುತ್ತುಹಾಕಬೇಕಿತ್ತು. ಅದನ್ನು ಕಿತ್ತು ಪ್ರಿಕಾಸ್ಟ್ ಬಾಕ್ಸ್, ಅಂದರೆ ಬೇರೆಡೆ ಎರಕ ಹೊಯ್ದು ತರುವ ಕಾಂಕ್ರೀಟ್ ಪೆಟ್ಟಿಗೆ, ಕೂರಿಸುತ್ತೇನೆ ಅಂದಾಗ ಊರ ಹಿರಿಯರೊಬ್ಬರು, "ಏನ್ರೀ ಕಾಂಟ್ರಾಕ್ಟರ್ರ, ಸೇತುವಿ ಅಂದ್ರ ಪೆಟ್ಟಿಗಿ ಒಟ್ಟೂದೇನ್ರೀ?" ಅಂದರು. ಜೊತೆಯ ಗುತ್ತಿಗೆದಾರರೂ ನಕ್ಕರು.

ನನಗೆ ದೊಡ್ಡ ಕಾರಣ ನೀರು. ಡೋಣಿ ನೀರು ಉಪ್ಪು. ಅದರಲ್ಲಿ ಕಾಂಕ್ರೀಟ್ ಕಲಸಿದರೆ ಸರಳಿಗೆ ತುಕ್ಕು. ಟ್ಯಾಂಕರ್ ತರಿಸಿ ವಾರಗಟ್ಟಲೆ ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ಮಾಡುವ ಬದಲು ವಿಜಯಪುರದ ಯಾರ್ಡಿನಲ್ಲೇ ಎರಕ ಹೊಯ್ದೆ. ಒಳಗೆ ಎರಡು ಮೀಟರ್ ಚೌಕ, ಗೋಡೆ 200 ಮಿಮೀ, ಉದ್ದ ಒಂದು ಮೀಟರ್. ಒಂದೊಂದು ನಾಲ್ಕೂವರೆ ಟನ್ ಹತ್ತಿರ. ಎರಡು ಸಾಲಿಗೆ ಹದಿನಾರು. ಸಾಗಾಟ ಸೇರಿ ಒಂದಕ್ಕೆ ಮೂವತ್ತೈದೋ ನಲವತ್ತೋ ಸಾವಿರ ಬಿತ್ತು.

ಮೊದಲ ದಿನವೇ ಮರ್ಯಾದೆ ಹೋಯಿತು. ದುಡ್ಡು ಉಳಿಸಲು ಹೈಡ್ರಾ ಎಂಬ ಸಣ್ಣ ಗಾಲಿ ಕ್ರೇನ್ ತಂದಿದ್ದೆ. ಅದರ ಬೂಮ್ (ಎತ್ತುವ ತೋಳು) ಮುಂದೆ ಚಾಚಿದ ಕೂಡಲೇ ಮುಂದಿನ ಗಾಲಿ ಎರಿ (ಕಪ್ಪು) ಮಣ್ಣಿನಲ್ಲಿ ಹೂತಿತು, ಬಾಕ್ಸ್ ತೂಗಾಡಿ ಮೂಲೆ ಒಡೆಯಿತು. ಅದೊಂದು ನಷ್ಟ, ಸಂಜೆತನಕ ಜೆಸಿಬಿಯಿಂದ ಹೈಡ್ರಾ ಎಳೆಸಿದ್ದು ಇನ್ನೊಂದು. ಮರುವಾರ ನಲವತ್ತು ಟನ್ನಿನ ಕ್ರೇನ್. ಬಾಡಿಗೆ ಕೇಳಿ ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಅಷ್ಟರಲ್ಲಿ ಎರಿ ಮಣ್ಣು ನಾಲ್ಕಡಿ ತೆಗೆದು ಗರಸು ತುಂಬಿ ದಮ್ಮಸು ಮಾಡಿ, ಮೇಲೆ ಪಿಸಿಸಿ (ಸರಳಿಲ್ಲದ ಕಾಂಕ್ರೀಟ್) ಬೆಡ್ ಹಾಕಿಸಿದ್ದೆ. ಲೆವೆಲ್ ಅರ್ಧ ಇಂಚು ತಪ್ಪಿದ್ದಕ್ಕೇ ಮೂರನೇ ಬಾಕ್ಸಿಗೆ ಬಂದಾಗ ಸಂದು ಎರಡು ಇಂಚಾಯಿತು! ಮೂರನ್ನೂ ಎತ್ತಿ, ಬೆಡ್ ತಿದ್ದಿ, ಮತ್ತೆ ಇಳಿಸಿದೆ. ಆಮೇಲೆ ಉಳಿದದ್ದೆಲ್ಲ ಒಂದೂವರೆ ದಿನದಲ್ಲಿ ಕೂತವು. ಎರಡೂ ಬದಿ ಗರಸು ಸಮಸಮ ಏರಿಸಿದೆ. ಒಂದೇ ಕಡೆ ತುಂಬಿದರೆ ಸಾಲೇ ಸರಿಯುತ್ತದೆ.

ನಡುವೆ ಒಂದು ಹುಚ್ಚು: ಸಂದಿಗೆ ಹಳೇ ಟ್ರ್ಯಾಕ್ಟರ್ ಟ್ಯೂಬ್ ಪಟ್ಟಿ ಇಟ್ಟು ನೋಡಿದೆ. ಫುಕಟ್ ಮಾಲು, ಟ್ಯಾಂಕರ್ ನೀರು ಬಿಟ್ಟರೆ ಸೋರಿತು. ಕೊನೆಗೆ ಹಾಕಿದ ಮಸಾಲೆ ಯಾವುದೆಂದು ಇಲ್ಲಿ ಹೇಳುವುದಿಲ್ಲ.

ಒಟ್ಟು ರಸ್ತೆ ಬಂದ್ ಇದ್ದದ್ದು ಹತ್ತು ಹನ್ನೊಂದು ದಿನ. ಲಾಭ ಅಷ್ಟಕ್ಕಷ್ಟೇ, ಒಡೆದ ಬಾಕ್ಸೇ ತಿಂದುಹಾಕಿತು. ಆದರೆ ಎರಡು ಮಳೆಗಾಲ ದಾಟಿತು, ಸಂದು ಬಿಟ್ಟಿಲ್ಲ. ನಕ್ಕವರಲ್ಲೊಬ್ಬ ಮೊನ್ನೆ ಫೋನ್ ಮಾಡಿ ಬಾಕ್ಸ್ ಎರಕದ ಮೌಲ್ಡ್ (ಅಚ್ಚು) ಕೇಳಿದ. "ಬಾಡಿಗಿಗೆ ಒಯ್ಯಪಾ, ಸಂದಿನ ಮಸಾಲಿ ಮಾತ್ರ ಕೇಳಬ್ಯಾಡ" ಅಂದೆ.